ನಷ್ಟದ ಲೆಕ್ಕವನ್ನು ಬಾಗಿಲಿಗೇ ಬರೆದು ಹಾಕಿದ ಹೋಟ್ಲು!

ಮಾವಳ್ಳಿಯ ಒಲೆ ನೂರು ವರ್ಷ ಉರಿದದ್ದು ಹೇಗೆ? ನಮ್ಮೂರ ಹೋಟ್ಲುಗಳಿಗೆ ಇದರಲ್ಲಿ ಪಾಠವಿದೆಯೇ?

(ನಮ್ಮ ವರದಿಗಾರರಿಂದ)

ತುಮಕೂರು: ಬೆಳಿಗ್ಗೆ ಏಳರ ಬಸ್ಸು ಹಿಡಿದು ಮೆಜೆಸ್ಟಿಕ್ಕಿನಲ್ಲಿ ಇಳಿಯುವ ನಮ್ಮ ಓದುಗರಿಗೆ ಒಂದು ಪ್ರಶ್ನೆ. ಸ್ವಾಮಿ, ದಿನಾ ತಿಂಡಿ ತಿನ್ನೋದು ಎಲ್ಲಿ? ಮನೆಯಲ್ಲೇ ಅಂದರೆ ನೀವು ಪುಣ್ಯವಂತರು. ಬಸ್‌ಸ್ಟ್ಯಾಂಡ್ ಪಕ್ಕದ ಹೋಟ್ಲಲ್ಲಿ ಅಂದರೆ ಇನ್ನೊಂದು ಪ್ರಶ್ನೆ ಇದೆ. ತಟ್ಟೆಗೆ ಬಿದ್ದ ಸಾಂಬಾರು ಇವತ್ತಿನದೋ, ನಿನ್ನೆಯದೋ? ಎಂದಾದರೂ ಕೇಳಿದ್ದೀರಾ?

ಕೇಳಿರುವುದಿಲ್ಲ. ಕೇಳಿದರೆ ಮಾಣಿ ನಗುತ್ತಾನೆ. ಗಲ್ಲಾದಲ್ಲಿ ಕೂತವರು ಕಿವಿಯೇ ಕೇಳಿಸದವರ ಹಾಗೆ ಚಿಲ್ಲರೆ ಎಣಿಸುತ್ತಾರೆ.

ಇದನ್ನು ಊಹೆಯಿಂದ ಬರೆಯುತ್ತಿಲ್ಲ. ಪಿ.ಯು.ಸಿ. ಅರ್ಧಕ್ಕೆ ಬಿಟ್ಟ ಮೇಲೆ ಒಂದು ಸಣ್ಣ ಹೋಟ್ಲಿನ ಗಲ್ಲಾದಲ್ಲಿ ಎಂಟು ತಿಂಗಳು ಕೂತು ಚಿಲ್ಲರೆ ಎಣಿಸಿದವನು ಈ ವರದಿಗಾರ. ಹೋಟ್ಲಿನ ಹೆಸರು ಬೇಡ. ಮಾಲೀಕರು ಕೆಟ್ಟವರೇನಲ್ಲ. ತಿಂಗಳ ಮೊದಲ ದಿನವೇ ಸಂಬಳ ಕೊಡುತ್ತಿದ್ದರು. ಆದರೆ ರಾತ್ರಿ ಬಾಗಿಲು ಹಾಕುವ ಹೊತ್ತಿಗೆ ಮಿಕ್ಕ ಸಾಂಬಾರಿಗೆ ಎರಡು ಬಿಂದಿಗೆ ನೀರು, ಒಂದು ಮುಷ್ಟಿ ಹುಣಸೆಹಣ್ಣು, ಒಂದು ಹಿಡಿ ಪುಡಿ ಬೀಳುತ್ತಿತ್ತು. ಬೆಳಿಗ್ಗೆ ಅದೇ ಹೊಸ ಸಾಂಬಾರು! ಮಿಕ್ಕ ವಡೆ ಮಧ್ಯಾಹ್ನಕ್ಕೆ ಸಾಂಬಾರ್ ವಡೆ. ಮಿಕ್ಕ ಇಡ್ಲಿ ಮಾರನೇ ದಿನ ಒಗ್ಗರಣೆ ಬಿದ್ದು ಉಪ್ಪಿಟ್ಟು.

“ಚೆಲ್ಲಿದ್ರೆ ಬಂಡವಾಳ ಚೆಲ್ದಂಗೆ ಕಣಪ್ಪಾ” ಅನ್ನುತ್ತಿದ್ದರು ಮಾಲೀಕರು. ನನಗೂ ಸರಿ ಅನ್ನಿಸುತ್ತಿತ್ತು.

ಎರಡು ವರ್ಷದೊಳಗೆ ಹೋಟ್ಲು ಮುಚ್ಚಿತು. ಅಲ್ಲೀಗ ಮೊಬೈಲ್ ಅಂಗಡಿ. ಯಾವ ಗಿರಾಕಿಯೂ ಜಗಳ ಆಡಿರಲಿಲ್ಲ, ದೂರು ಕೊಟ್ಟಿರಲಿಲ್ಲ. ಗಿರಾಕಿ ಜಗಳ ಆಡೋದಿಲ್ಲ ಸ್ವಾಮಿ, ಬರೋದು ನಿಲ್ಲಿಸ್ತಾನೆ. ಅಂಗಡಿ ಇಟ್ಟ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಅದೇ ಇಡ್ಲಿ, ಅದೇ ದೋಸೆ, ಅದೇ ಕಾಫಿ ಇಟ್ಟುಕೊಂಡು ಒಂದು ಹೋಟ್ಲು ನೂರು ವರ್ಷ ನಿಂತದ್ದು ಹೇಗೆ? ಆ ಕುತೂಹಲಕ್ಕೇ ಒಂದು ಭಾನುವಾರ ಬಸ್ಸು ಹತ್ತಿ ಲಾಲ್‌ಬಾಗ್ ರಸ್ತೆಗೆ ಹೋದೆ.

ಘಟ್ಟ ಹತ್ತಿ ಬಂದ ಅಣ್ಣ ತಮ್ಮಂದಿರು

ಮಾವಳ್ಳಿ ಟಿಫಿನ್ ರೂಮ್ಸ್ ಅಂದರೆ ಕೆಲವರು ತಲೆ ಕೆರೆದುಕೊಳ್ಳುತ್ತಾರೆ. ಎಂ.ಟಿ.ಆರ್. ಅನ್ನಿ, ಮಕ್ಕಳಿಗೂ ಗೊತ್ತು. ಊರ್ವಶಿ ಟಾಕೀಸಿನ ಹತ್ತಿರ, ಲಾಲ್‌ಬಾಗಿಗೆ ನಡೆದು ಹೋಗುವ ದೂರದಲ್ಲಿದೆ. ಮಾವಳ್ಳಿ ಅನ್ನುವುದು ಆ ಮೊಹಲ್ಲಾದ ಹೆಸರು.

ಇದರ ಬೇರು ಇರುವುದು ಉಡುಪಿ ಸೀಮೆಯ ಪಾರಂಪಳ್ಳಿಯಲ್ಲಿ. ಆ ಕಾಲಕ್ಕೆ ಅದು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಬೆಂಗಳೂರು ಮೈಸೂರು ಸಂಸ್ಥಾನದ್ದು. ಮಯ್ಯ ಮನೆತನದ ಅಣ್ಣ ತಮ್ಮಂದಿರು ಹೊಟ್ಟೆಪಾಡಿಗೆ ಘಟ್ಟ ಹತ್ತಿ ಬಂದು ಬೆಂಗಳೂರಿನ ಅನುಕೂಲಸ್ಥರ ಮನೆಗಳಲ್ಲಿ ಅಡುಗೆ ಕೆಲಸಕ್ಕೆ ನಿಂತರು. 1924ರಲ್ಲಿ ಲಾಲ್‌ಬಾಗ್ ಕೋಟೆ ರಸ್ತೆಯಲ್ಲಿ ತಮ್ಮದೇ ಒಂದು ಪುಟ್ಟ ಹೋಟ್ಲು ತೆರೆದರು. ಆಗಿನ ಹೆಸರು ‘ಬ್ರಾಹ್ಮಿನ್ ಕಾಫಿ ಕ್ಲಬ್’. ಸಿಗುತ್ತಿದ್ದದ್ದು ಕಾಫಿ, ಇಡ್ಲಿ.

ಹೋಟ್ಲಿನ ಬೋರ್ಡಿನ ಮೇಲೆ ಜಾತಿ ಬರೆಯುತ್ತಿದ್ದ ಕಾಲ ಅದು. ಮುಂದೆ ಆ ಹೆಸರು ಹೋಗಿ ಮೊಹಲ್ಲಾದ ಹೆಸರು ಬಂತು. 1960ರಲ್ಲಿ ಈಗಿರುವ ಕಟ್ಟಡಕ್ಕೆ ಹೋಟ್ಲು ಬಂತು. ಜಾತಿಯ ಬೋರ್ಡಿಗಿಂತ ಊರಿನ ಬೋರ್ಡೇ ಹೆಚ್ಚು ದಿನ ಬಾಳಿತು ಅನ್ನುವುದನ್ನೂ ಇಲ್ಲಿ ಹೇಳಿಬಿಡಬೇಕು.

ಈ ಹೋಟ್ಲಿಗೆ ಹೆಸರು ತಂದವರು ಯಜ್ಞನಾರಾಯಣ ಮಯ್ಯರು. 1951ರಲ್ಲಿ ಅವರು ಯೂರೋಪಿಗೆ ಹೋಗಿ ಬಂದರು. ಅಲ್ಲಿನ ಹೋಟ್ಲುಗಳು ಹೇಗೆ ನಡೆಯುತ್ತವೆ ಎಂದು ಕಣ್ಣಾರೆ ನೋಡುವುದಕ್ಕೆ ಹೋದವರು ಅವರು. ವಿಲಾಯತಿಗೆ ಹೋಗಿ ಬಂದವರು ಸೂಟು ಬೂಟು ತರುತ್ತಿದ್ದ ಕಾಲದಲ್ಲಿ ಮಯ್ಯರು ತಂದದ್ದು ಪಾತ್ರೆ ತೊಳೆಯುವ ವಿದ್ಯೆ! ತಟ್ಟೆ, ಲೋಟಗಳನ್ನು ಬಿಸಿ ಹಬೆಯಲ್ಲಿ ಶುಚಿ ಮಾಡುವ ಕ್ರಮ ಬಂತು.

ಇನ್ನೊಂದು ಪದ್ಧತಿಯನ್ನಂತೂ ಹಳಬರು ಇವತ್ತಿಗೂ ಬಾಯಿತುಂಬ ಹೇಳುತ್ತಾರೆ. ಗಿರಾಕಿ ಅಡುಗೆಮನೆಯನ್ನು ದಾಟಿಕೊಂಡೇ ಒಳಗೆ ಹೋಗಬೇಕಿತ್ತು. ಒಲೆ ನೋಡಿ, ಭಟ್ಟರನ್ನು ನೋಡಿ, ಆಮೇಲೆ ಮೇಜಿಗೆ ಹೋಗಿ ಕೂತುಕೊಳ್ಳಿ ಎಂಬ ಲೆಕ್ಕ.

ಇದರ ಗುಟ್ಟು ಏನು ಗೊತ್ತೇ? ನಮ್ಮ ಹೋಟ್ಲುಗಳಲ್ಲಿ ಅಡುಗೆಮನೆ ಬಾಗಿಲಿಗೆ ‘ಒಳಗೆ ಪ್ರವೇಶವಿಲ್ಲ’ ಎಂದು ಬರೆದಿರುತ್ತದೆ. ಗಿರಾಕಿ ಒಳಗೆ ಬರುತ್ತಾನೆ ಅಂತ ಗೊತ್ತಿದ್ದರೆ ಯಾವ ಭಟ್ಟರೂ ನಿನ್ನೆಯ ಸಾಂಬಾರಿಗೆ ಇವತ್ತು ನೀರು ಹೊಯ್ಯುವುದಿಲ್ಲ. ಇನ್‌ಸ್ಪೆಕ್ಟರು ವರ್ಷಕ್ಕೊಮ್ಮೆ ಬಂದಾರು. ಗಿರಾಕಿ ದಿನಾ ಬರುತ್ತಾನೆ!

ಅಕ್ಕಿ ಇಲ್ಲದಾಗ ಹುಟ್ಟಿದ ಇಡ್ಲಿ

ಎರಡನೇ ಮಹಾಯುದ್ಧದ ಕಾಲ. 1942ರಲ್ಲಿ ಜಪಾನಿನವರು ಬರ್ಮಾ ಹಿಡಿದರು. ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಎಲ್ಲೆಲ್ಲೂ ಅಕ್ಕಿಗೆ ಬರ, ರೇಷನ್ನು. ಇಡ್ಲಿಯನ್ನೇ ನಂಬಿದ ಹೋಟ್ಲಿಗೆ ಅಕ್ಕಿ ಇಲ್ಲದಿದ್ದರೆ ಗತಿ ಏನು?

ಆಗಲೇ ಮಾವಳ್ಳಿಯ ಅಡುಗೆಮನೆಯಲ್ಲಿ ರವೆ ಇಡ್ಲಿ ಹುಟ್ಟಿತು ಎಂದು ಎಂ.ಟಿ.ಆರ್.ನವರು ಹೇಳುತ್ತಾರೆ. ಅಕ್ಕಿಯ ಬದಲು ರವೆ. ಹುರಿದ ರವೆಗೆ ಮೊಸರು, ಒಗ್ಗರಣೆ, ಗೋಡಂಬಿ, ಚಿಟಿಕೆ ಸೋಡಾ. ತಟ್ಟೆಗೆ ಹೊಯ್ದು ಹಬೆಗೆ ಇಟ್ಟರೆ ಆಯಿತು.

ನಮ್ಮ ಹೆಂಗಸರಿಗೆ ಇದು ಗೊತ್ತಿರುವ ವಿಷಯ, ಗಂಡಸರಿಗಾಗಿ ಬಿಡಿಸಿ ಹೇಳುತ್ತೇನೆ. ಅಕ್ಕಿ ಇಡ್ಲಿಯ ಹಿಟ್ಟನ್ನು ಹಿಂದಿನ ದಿನವೇ ರುಬ್ಬಿಡಬೇಕು. ರಾತ್ರಿಯೆಲ್ಲಾ ಹುದುಗು ಬರಬೇಕು. ನಾಳೆ ಎಷ್ಟು ಜನ ಬರುತ್ತಾರೆ ಎಂದು ಇವತ್ತೇ ಜೂಜಾಡಬೇಕು. ಹಬ್ಬ ಬಂತೋ, ಮಳೆ ಹೊಡೆಯಿತೋ, ಬಂದ್ ಆಯಿತೋ, ರುಬ್ಬಿದ ಹಿಟ್ಟು ಕೈಯಲ್ಲೇ ಹುಳಿ! ರವೆ ಇಡ್ಲಿಗೆ ಆ ಜೂಜಿಲ್ಲ. ಗಿರಾಕಿ ಬಂದ ಹಾಗೆ ಕಲಸಬಹುದು. ಬರಗಾಲದಲ್ಲಿ ಹುಟ್ಟಿದ ತಿಂಡಿಯೇ ಆಗಿಂದಾಗ ಮಾಡಿ ಬಡಿಸುವ ತಿಂಡಿಯೂ ಆಯಿತು.

ಇವತ್ತಿಗೂ ರವೆ ಇಡ್ಲಿ ಬಂದರೆ ಜೊತೆಗೆ ಸಾಗು, ಚಟ್ನಿ, ಪುಟ್ಟ ಬಟ್ಟಲಲ್ಲಿ ತುಪ್ಪ ಬರುತ್ತದೆ.

ಸರ್ಕಾರ ಒಂದು ಕಡೆ, ತುಪ್ಪ ಒಂದು ಕಡೆ

ಕಥೆಯ ಮುಖ್ಯ ಭಾಗಕ್ಕೆ ಬರೋಣ.

1975ರ ಜೂನ್ 25ರಂದು ದೇಶಕ್ಕೆ ತುರ್ತುಪರಿಸ್ಥಿತಿ ಬಂತು. ಅದು ತೆಗೆದದ್ದು 1977ರ ಮಾರ್ಚ್‌ನಲ್ಲಿ. ಈ ನಡುವೆ ಹೋಟ್ಲು ತಿಂಡಿಗಳನ್ನು ಬಹಳ ಕಡಿಮೆ ದರಕ್ಕೆ ಮಾರಬೇಕು ಎಂಬ ಕಟ್ಟುಪಾಡು ಬಂತು. ಬಡವನಿಗೆ ಅಗ್ಗದಲ್ಲಿ ತಿಂಡಿ ಸಿಗಲಿ ಅನ್ನುವುದು ತಪ್ಪು ಮಾತಲ್ಲ. ಬೇಳೆ, ತುಪ್ಪ, ಕಾಫಿ ಬೀಜದ ಬೆಲೆ ಮಾತ್ರ ಸರ್ಕಾರದ ಮಾತು ಕೇಳಬೇಕಲ್ಲ?

ಹೋಟ್ಲಿನವರ ಮುಂದೆ ಇದ್ದದ್ದು ಮೂರೇ ದಾರಿ. ತುಪ್ಪದ ಬದಲು ಡಾಲ್ಡಾ ಹಾಕುವುದು ಒಂದು. ಇಡ್ಲಿ ಸಣ್ಣದು ಮಾಡಿ, ಚಟ್ನಿಗೆ ನೀರು ಹೊಯ್ಯುವುದು ಎರಡನೆಯದು. ಬಾಗಿಲು ಹಾಕುವುದು ಮೂರನೆಯದು. ಕೈಯಲ್ಲಿ ಕಾಸು ಇರುವಷ್ಟು ದಿನ ನಷ್ಟದಲ್ಲೇ ಮಾರುವುದನ್ನು ದಾರಿ ಅನ್ನಲಾಗದು.

ಮಯ್ಯರ ಹೋಟ್ಲು ಆ ದಾರಿಯಲ್ಲದ ದಾರಿಯನ್ನೇ ಮೊದಲು ಹಿಡಿಯಿತು. ತಿಂಡಿ ಅದೇ, ತುಪ್ಪ ಅದೇ, ದರ ಮಾತ್ರ ಸರ್ಕಾರದ್ದು. ಬಾಗಿಲ ಮುಂದೆ ಜನರ ಸಾಲು ಬೆಳೆಯಿತು. ಸಾಲು ಬೆಳೆದಷ್ಟೂ ನಷ್ಟ ಬೆಳೆಯಿತು. ಆಗ ಹೋಟ್ಲಿನವರು ಒಂದು ಕೆಲಸ ಮಾಡಿದರು. ಈ ದಿನ ಆದ ನಷ್ಟ ಇಷ್ಟು ಎಂದು ಬೋರ್ಡಿನ ಮೇಲೆ ಬರೆದು ಹೊರಗೆ ನಿಲ್ಲಿಸಿದರು!

ಅಂಗಡಿ ಇಟ್ಟವರು ಸ್ವಲ್ಪ ಯೋಚನೆ ಮಾಡಿ. ಲಾಭವನ್ನು ಹೆಂಡತಿಗೂ ಹೇಳದ ವ್ಯಾಪಾರಿಗಳು ನಾವು. ನಷ್ಟವನ್ನು ಬೀದಿಗೆ ಬರೆದು ಹಾಕುವುದಕ್ಕೆ ಎಂಥ ಗುಂಡಿಗೆ ಬೇಕು? ಅದೂ ಗೋಡೆಗೂ ಕಿವಿ ಇದ್ದ ಆ ಕಾಲದಲ್ಲಿ!

ಹೀಗೆ ಎಷ್ಟು ದಿನ ನಡೆದೀತು? ಕಡೆಗೆ ಹೋಟ್ಲು ಬಾಗಿಲು ಹಾಕಿತು. ಡಾಲ್ಡಾ ಹಾಕಲಿಲ್ಲ, ಬೀಗ ಹಾಕಿತು.

ಪುಡಿ ಉಳಿಸಿದ ಒಲೆ

ಬೀಗ ಹಾಕುವುದು ಸುಲಭ. ಒಳಗೆ ದುಡಿಯುತ್ತಿದ್ದವರ ಹೊಟ್ಟೆಗೆ ಬೀಗ ಹಾಕಲಾದೀತೇ? ಭಟ್ಟರು, ಮಾಣಿಗಳು, ಪಾತ್ರೆ ತೊಳೆಯುವವರು ಎಲ್ಲರೂ ಇದ್ದರು. ಅವರನ್ನು ಊರಿಗೆ ಕಳಿಸಿದರೆ ಮತ್ತೆ ಆ ಕೈರುಚಿ ಎಲ್ಲಿಂದ ತರುವುದು?

ಆಗ ಹಿಡಿದದ್ದು ಪುಡಿಯ ದಾರಿ. ಸಾಂಬಾರ್ ಪುಡಿ, ಸಾರಿನ ಪುಡಿ, ರವೆ ಇಡ್ಲಿಯ ಮಿಶ್ರಣ ಇವನ್ನೆಲ್ಲಾ ಪೊಟ್ಟಣ ಕಟ್ಟಿ ಹೋಟ್ಲಿನ ಪಕ್ಕದ ಅಂಗಡಿಯಲ್ಲಿ ಮಾರತೊಡಗಿದರು. ಹೋಟ್ಲಿನಲ್ಲಿ ದುಡಿದ ಕೈಗಳಿಗೆ ಹುರಿಯುವ, ಕುಟ್ಟುವ, ಪೊಟ್ಟಣ ಕಟ್ಟುವ ಕೆಲಸ ಸಿಕ್ಕಿತು.

ಇದರಲ್ಲೊಂದು ತಮಾಷೆ ಇದೆ ನೋಡಿ. ಆಗ ಮಾಡಿ ಆಗಲೇ ಬಡಿಸಬೇಕು ಎಂದು ಹಟ ಹಿಡಿದು ಬಾಗಿಲು ಹಾಕಿದ ಹೋಟ್ಲನ್ನು ಉಳಿಸಿದ್ದು ತಿಂಗಳಾನುಗಟ್ಟಲೆ ಕೆಡದ ಪುಡಿ! ಊರವರು ಹೋಟ್ಲಿನ ರುಚಿಯನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಒಯ್ದರು.

ಆ ಪುಡಿಯ ವ್ಯಾಪಾರ ಮುಂದೆ ದೊಡ್ಡ ಕಾರ್ಖಾನೆಯಾಯಿತು. ಅದನ್ನು ಬೆಳೆಸಿದವರು ಸದಾನಂದ ಮಯ್ಯರು. 2007ರಲ್ಲಿ ಆ ಎಂ.ಟಿ.ಆರ್. ಫುಡ್ಸ್ ಕಂಪನಿ ನಾರ್ವೆ ದೇಶದ ಆರ್ಕ್ಲಾ ಕಂಪನಿಗೆ ಮಾರಾಟವಾಯಿತು. ನಮ್ಮ ಎಂ.ಜಿ. ರಸ್ತೆಯ ಅಂಗಡಿಯಲ್ಲಿ ನೀವು ಕೊಳ್ಳುವ ಎಂ.ಟಿ.ಆರ್. ಪೊಟ್ಟಣ ಬೇರೆ, ಮಾವಳ್ಳಿಯ ಹೋಟ್ಲು ಬೇರೆ. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ಹೋಟ್ಲು ಮತ್ತೆ ಬಾಗಿಲು ತೆರೆದದ್ದು 1984ರಲ್ಲಿ. ಒಮ್ಮೆ ಮುಚ್ಚಿದ ಹೋಟ್ಲು ಅಷ್ಟು ವರ್ಷದ ಮೇಲೆ ತೆರೆದರೆ ಹಳೇ ಗಿರಾಕಿ ಬರುತ್ತಾನೆಯೇ? ಬಂದರು. ಅಪ್ಪಂದಿರು ಮಕ್ಕಳ ಕೈ ಹಿಡಿದುಕೊಂಡು ಬಂದರು.

ಪೊಟ್ಟಣ ಮಾರಾಟವಾದರೂ ಒಲೆ ಮಾರಾಟವಾಗಲಿಲ್ಲ. ಹೋಟ್ಲು ಮಯ್ಯರ ಮನೆಯಲ್ಲೇ ಉಳಿಯಿತು. ಮೂರನೇ ತಲೆಮಾರಿನ ಹೇಮಮಾಲಿನಿ ಮಯ್ಯ ಮತ್ತು ಅವರ ಸಹೋದರರು ಅದನ್ನು ಬೆಳೆಸಿದರು. ಬೆಂಗಳೂರಿನ ಬೇರೆ ಬಡಾವಣೆಗಳಲ್ಲಿ ಶಾಖೆಗಳಾದವು. ಸಿಂಗಾಪುರದಲ್ಲೂ ಒಲೆ ಹೊತ್ತಿತು, ದುಬೈಯಲ್ಲೂ ಹೊತ್ತಿತು. 2024ಕ್ಕೆ ನೂರು ತುಂಬಿತು.

ಕಾಯುವುದೂ ಒಂದು ರುಚಿ

ನಾನು ಹೋದ ಭಾನುವಾರ ಒಳಗೆ ಕಾಲಿಡಲು ಜಾಗವಿರಲಿಲ್ಲ. ಹೆಸರು ಬರೆಸಿ ಕಾದೆ. ಪಕ್ಕದಲ್ಲಿ ಒಬ್ಬ ಯಜಮಾನರು, ಅವರ ಮೊಮ್ಮಗಳು.

“ತಾತ, ಬೇರೆ ಹೋಟ್ಲಿಗೆ ಹೋಗೋಣ, ಅಲ್ಲಿ ಬೇಗ ಕೊಡ್ತಾರೆ” ಎಂದಿತು ಮಗು.

“ಬೇಗ ಕೊಡೋದು ಮೊದ್ಲೇ ಮಾಡಿಟ್ಟಿರ್ತಾರೆ ಅಂತ ಪುಟ್ಟಿ” ಎಂದರು ಯಜಮಾನರು.

ಈ ವರದಿಗಾರ ಅಲ್ಲೇ ಎದ್ದು ಮನೆಗೆ ಬಂದಿದ್ದರೂ ಲೇಖನ ಮುಗಿಯುತ್ತಿತ್ತು!

ದೋಸೆ ಬಂತು. ಕಾವಲಿಯಿಂದ ಎದ್ದು ಬಂದ ಬಿಸಿ, ಅಂಚಿನಲ್ಲಿ ತುಪ್ಪ. ಬೆಲೆ ನಮ್ಮೂರ ಬೆಲೆಗಿಂತ ಜಾಸ್ತಿ, ಅದನ್ನು ಮುಚ್ಚಿಡುವುದಿಲ್ಲ. ಭಾನುವಾರವಾದ್ದರಿಂದ ಚಂದ್ರಹಾರ ಎಂಬ ಸಿಹಿಯೂ ಇತ್ತು. ಸೋಮವಾರ ಈ ಹೋಟ್ಲಿಗೆ ರಜ, ಹೋಗುವವರು ನೆನಪಿಟ್ಟುಕೊಳ್ಳಿ.

ಹೆಚ್ಚು ಐಟಂ ಇದ್ದರೆ ಹೆಚ್ಚು ಹಳಸಲು

ಎಂ.ಟಿ.ಆರ್. ದೊಡ್ಡದು ಸ್ವಾಮಿ, ನಮ್ಮಂಥವರಿಗೆ ಆದೀತೇ ಎಂದು ನಮ್ಮ ಸಣ್ಣ ಹೋಟ್ಲಿನವರು ಕೇಳಬಹುದು. ಬೆಂಗಳೂರಿನ ಶಂಕರಪುರದಲ್ಲಿ 1965ರಿಂದ ಇರುವ ಬ್ರಾಹ್ಮಿನ್ಸ್ ಕಾಫಿ ಬಾರ್ ನೋಡಿ. ಗೂಡಿನಂಥ ಜಾಗ. ನಿಂತುಕೊಂಡೇ ತಿನ್ನಬೇಕು. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ, ಅಲ್ಲಿಗೆ ಪಟ್ಟಿ ಮುಗಿಯಿತು. ಸಾಂಬಾರೇ ಇಲ್ಲ, ಚಟ್ನಿ ಮಾತ್ರ. ಸಾಂಬಾರೇ ಇಲ್ಲದಿದ್ದ ಮೇಲೆ ನಿನ್ನೆಯ ಸಾಂಬಾರು ಎಲ್ಲಿಂದ ಬಂದೀತು?

ದೂರ ಯಾಕೆ, ನಮ್ಮ ಕ್ಯಾತ್ಸಂದ್ರವನ್ನೇ ನೋಡಿ. ತಟ್ಟೆ ಇಡ್ಲಿ ಅಂದರೆ ಕ್ಯಾತ್ಸಂದ್ರ ಎಂದು ಹೆದ್ದಾರಿಯಲ್ಲಿ ಹೋಗುವವರೆಲ್ಲಾ ಗಾಡಿ ನಿಲ್ಲಿಸುತ್ತಾರೆ. ಹಬೆಯಿಂದ ಇಳಿದ ಇಡ್ಲಿಯ ಮೇಲೆ ಬೆಣ್ಣೆ ಕರಗಬೇಕು. ಆರಿದ ಇಡ್ಲಿಯ ಮೇಲೆ ಬೆಣ್ಣೆ ಕರಗುವುದಿಲ್ಲ, ಕೂತುಕೊಳ್ಳುತ್ತದೆ! ಗಿರಾಕಿಗೆ ಬೆಣ್ಣೆಯೇ ಸಾಕ್ಷಿ.

ಲೆಕ್ಕ ಇಷ್ಟೇ. ಬೋರ್ಡಿನಲ್ಲಿ ನಲವತ್ತು ಐಟಂ ಬರೆದವನು ನಲವತ್ತನ್ನೂ ಮಾಡಿಟ್ಟುಕೊಂಡಿರಬೇಕು. ಯಾವುದು ಖರ್ಚಾಗುತ್ತದೋ, ಯಾವುದು ಮಿಗುತ್ತದೋ ದೇವರಿಗೇ ಗೊತ್ತು. ಆರು ಐಟಂ ಬರೆದವನ ಹತ್ತಿರ ಮಿಗುವುದು ಕಡಿಮೆ. ಮಿಗುವುದು ಕಡಿಮೆಯಾದರೆ ಚೆಲ್ಲುವುದೂ ಕಡಿಮೆ. ನಾನು ಗಲ್ಲಾದಲ್ಲಿ ಕೂತಿದ್ದ ಹೋಟ್ಲಿನ ಮಾಲೀಕರು ಚೆಲ್ಲಬಾರದು ಅಂದದ್ದು ಸರಿಯೇ. ಮಿಗುವಷ್ಟು ಮಾಡಿದ್ದು ತಪ್ಪು.

ಅಗ್ಗದ ತಿಂಡಿಯ ಖರ್ಚು ಯಾರದು?

ಈಗ ಗಿರಾಕಿಗಳ ಕಡೆಗೂ ಒಂದು ಮಾತು. ಕೋಪ ಬೇಡ.

ಗ್ಯಾಸ್ ಸಿಲಿಂಡರ್, ಎಣ್ಣೆ, ತೆಂಗಿನಕಾಯಿ, ಕಾಫಿಪುಡಿ ಬೆಲೆ ಏರಿದಾಗ ಹೋಟ್ಲಿನವನು ದೋಸೆಗೆ ಐದು ರೂಪಾಯಿ ಏರಿಸಿದರೆ ನಾವು ಬಾಯಿ ಮಾಡುತ್ತೇವೆ. ಏರಿಸದೆ ಚಟ್ನಿಗೆ ನೀರು ಹೊಯ್ದರೆ ಸುಮ್ಮನೆ ತಿಂದು ಬರುತ್ತೇವೆ. ಬೆಲೆ ಕಣ್ಣಿಗೆ ಕಾಣುತ್ತದೆ, ನೀರು ಕಾಣುವುದಿಲ್ಲ. 1975-76ರಲ್ಲಿ ಸರ್ಕಾರ ಮಾಡಿದ ತಪ್ಪನ್ನೇ ನಾವು ದಿನಾ ಗಲ್ಲಾದ ಮುಂದೆ ನಿಂತು ಮಾಡುತ್ತಿಲ್ಲವೇ?

ಹಾಗಾದರೆ ಬಡವನಿಗೆ ಅಗ್ಗದ ತಿಂಡಿ ಬೇಡವೇ? ಬೇಕು, ಖಂಡಿತಾ ಬೇಕು. 2017ರಲ್ಲಿ ಇಂದಿರಾ ಕ್ಯಾಂಟೀನ್ ತೆರೆದಾಗ ತಿಂಡಿಗೆ ಐದು ರೂಪಾಯಿ, ಊಟಕ್ಕೆ ಹತ್ತು ರೂಪಾಯಿ ಇಟ್ಟರು. ಮಿಕ್ಕ ಖರ್ಚನ್ನು ಸರ್ಕಾರ ತನ್ನ ಹಣದಿಂದ ಕೊಟ್ಟಿತು. ಕೂಲಿಯವರು, ಆಟೋದವರು ಹೊಟ್ಟೆ ತುಂಬಿಸಿಕೊಂಡರು. ಅದು ನ್ಯಾಯ. ತಿಂಡಿ ಅಗ್ಗವಾದರೆ ಆ ಖರ್ಚನ್ನು ಯಾರಾದರೂ ಕೊಡಲೇಬೇಕು. ಸರ್ಕಾರ ಕೊಡಬೇಕು, ಇಲ್ಲವೇ ಹೋಟ್ಲಿನವನು ಕೊಡಬೇಕು. ಇಬ್ಬರೂ ಕೊಡದಿದ್ದರೆ ನಮ್ಮ ಹೊಟ್ಟೆ ಕೊಡುತ್ತದೆ. ನಿನ್ನೆಯ ಸಾಂಬಾರು ಅಂದರೆ ಅದೇ.

ಎಂ.ಟಿ.ಆರ್. ಬೋರ್ಡಿಗೆ ಬರೆದದ್ದು ಬರೀ ನಷ್ಟದ ಲೆಕ್ಕವಲ್ಲ. ನೀವು ಕೊಡುವ ಕಾಸಿಗೂ ನಿಮ್ಮ ತಟ್ಟೆಯಲ್ಲಿರುವುದಕ್ಕೂ ಇಷ್ಟು ವ್ಯತ್ಯಾಸವಿದೆ ಎಂದು ಊರಿಗೆ ತೋರಿಸಿದ್ದು. ಊರು ಅದನ್ನು ಮರೆಯಲಿಲ್ಲ. ಅದಕ್ಕೇ 1984ರಲ್ಲಿ ಬಾಗಿಲು ತೆಗೆದಾಗ ಜನ ಬಂದರು.

ನಮ್ಮ ಬಿ.ಎಚ್. ರಸ್ತೆಯಲ್ಲಿ, ಬಸ್‌ಸ್ಟ್ಯಾಂಡ್ ಸುತ್ತ, ಮಂಡಿಪೇಟೆಯಲ್ಲಿ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಒಲೆ ಹಚ್ಚುವ ಸಣ್ಣ ಹೋಟ್ಲಿನವರು ಈಗಲೂ ಇದ್ದಾರೆ. ಹನ್ನೊಂದಕ್ಕೆ ‘ಇಡ್ಲಿ ಖಾಲಿ ಸಾರ್’ ಅನ್ನುತ್ತಾರಲ್ಲ, ಅವರು. ಖಾಲಿ ಅಂದಾಗ ನಮಗೆ ಬೇಜಾರಾಗುತ್ತದೆ. ಬೇಜಾರು ಬೇಡ. ಖಾಲಿ ಅನ್ನುವ ಹೋಟ್ಲೇ ನಂಬಿಕಸ್ತ ಹೋಟ್ಲು. ನಾಳೆ ಸ್ವಲ್ಪ ಬೇಗ ಹೋಗಿ. ಯಾವಾಗ ಹೋದರೂ ಎಲ್ಲವೂ ಇದೆ ಅನ್ನುವ ಕಡೆ ಮಾತ್ರ ಒಮ್ಮೆ ಅಡುಗೆಮನೆಗೆ ಇಣುಕಿ ನೋಡಿ.

ಗಲ್ಲಾದಲ್ಲಿ ಎಂಟು ತಿಂಗಳು ಕೂತು ನಾನು ಕಲಿತದ್ದು ಒಂದೇ ಪಾಠ. ಅದನ್ನು ಇವತ್ತು ಊರಿಗೆ ಒಪ್ಪಿಸಿದ್ದೇನೆ. ಏಳರ ಬಸ್ಸಿಗೆ ಹೊತ್ತಾಯಿತು. ನಾಳೆ ಬೆಳಿಗ್ಗೆ ತಿಂಡಿಗೆ ಕೂತಾಗ ಮಾಣಿಯನ್ನು ಕೇಳಿಬಿಡಿ ಸ್ವಾಮಿ, “ಇವತ್ತಿನದಾ?”